ಹುಡುಗರ ಮನೋರೋಗ: ಪೇಟೆಗೊಂದು ದಾರಿ, ತಾಂಡಾಕ್ಕೊಂದು ದಾರಿ

ಬಸವನ ಬಾಗೇವಾಡಿ: 'ಇಂವನ್ನ ಧಾರವಾಡಕ್ಕ ಕಳಸಬೇಕ್ರಿ' ಎಂಬ ಚಾಷ್ಟಿ ಈ ಭಾಗದಲ್ಲಿ ಹೊಸದಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು, ಚಾಷ್ಟಿಯೂ ಹಳೆಯದೇ. ಆದರೆ ಮನೆಯ ಹದಿನಾರರ ಹುಡುಗ ಊಟ ಬಿಟ್ಟು, ನಿದ್ದೆಗೆಟ್ಟು, ಒಬ್ಬನೇ ಮಾತಾಡತೊಡಗಿದಾಗ ಯಾರೂ ನಗುವುದಿಲ್ಲ.

ಪೇಟೆಯ ಅಂಗಡಿಕಾರರ ಮನೆಯಾದರೆ ಗುಟ್ಟಾಗಿ ವಿಜಯಪುರದ ಬಸ್ಸು. ನೆರೆಯವರಿಗೆ 'ತಲಿಶೂಲಿ ಐತ್ರಿ' ಎಂಬ ಉತ್ತರ. ಲಂಬಾಣಿ ತಾಂಡಾದಲ್ಲಾದರೆ ಮೊದಲು ಭಗತ. ಉರ್ದು ಮಾತಿನ ಮನೆಯಾದರೆ ದರ್ಗಾ, ತಾಯಿತ. ಹುಡುಗಿಗೆ ಮೈದುಂಬುತ್ತದೆಂದು ಗುಡಿಯ ಕಟ್ಟೆಗೆ ಕೂಡಿಸುವವರು ಎಲ್ಲ ಜಾತಿಯಲ್ಲೂ ಇದ್ದಾರೆ, ಓದಿದವರಲ್ಲೂ! ಹೋದರೆ ಹೋಗಲಿ. ಆದರೆ ಒಬ್ಬ ತಿಂಗಳೊಳಗೆ ಡಾಕ್ಟರರನ್ನು ಕಂಡರೆ, ಇನ್ನೊಬ್ಬ ವರ್ಷ ಕಳೆದು, ಕೈಕಾಲು ಕಟ್ಟಿಸಿಕೊಂಡು ಬರುವಂತಾದರೆ ಅದು ಬರೀ ನಂಬಿಕೆಯ ಮಾತಲ್ಲ.

ಇದು ಇಲ್ಲಿನ ಕಥೆಯಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ಕಪ್ಪು ಜನರನ್ನು ಕಾನೂನಿನ ಬಲದಿಂದ ಮಾನಸಿಕ ಆಸ್ಪತ್ರೆಗೆ ಸೇರಿಸುವ ಪ್ರಮಾಣ ಬಿಳಿಯರಿಗಿಂತ ನಾಲ್ಕು ಪಟ್ಟು ಹೆಚ್ಚೆಂದು 2018ರಲ್ಲಿ ಅಲ್ಲಿನ ಪರಿಶೀಲನಾ ವರದಿಯೇ ಹೇಳಿತು. ನಮ್ಮಲ್ಲಿ 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ 13ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ ಏಳು ಮಂದಿಗೆ ಮಾನಸಿಕ ತೊಂದರೆ ಇದೆಯೆಂದಿತು. ಬೆಂಗಳೂರಿನ ಸಂಸ್ಥೆ ಮಾಡಿದ ಆ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕವೇ ಇರಲಿಲ್ಲ, ಅದು ಬೇರೆ ಮಾತು.

ತಾಂಡಾದವರು ತಡವಾಗಿ ಬರುವುದಕ್ಕೆ ಅಜ್ಞಾನವೆಂದು ಷರಾ ಬರೆಯುವುದು ಸುಲಭ. ದೀಪಾವಳಿಯ ಹೊತ್ತಿಗೆ ಮುಕಾದಮನ ಮುಂಗಡ ತಗೊಂಡು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವರು ಹಿಂದಿರುಗುವುದು ಬೇಸಿಗೆಗೆ. ಹುಡುಗನಿಗೆ ಅಲ್ಲಿ ತಲೆ ಕೆಟ್ಟರೆ ಯಾವ ದವಾಖಾನೆ, ಯಾವ ಭಾಷೆ? ಊರಿನಲ್ಲೇ ಇದ್ದರೂ ಅಜ್ಜಿಗೆ ಲಂಬಾಣಿ ಮಾತು, ಡಾಕ್ಟರರಿಗೆ ಕನ್ನಡ. ನಡುವೆ ರೋಗಿಯಾದ ಹುಡುಗನೇ ತನ್ನ ರೋಗವನ್ನು ತರ್ಜುಮೆ ಮಾಡಿ ಹೇಳಬೇಕು!

2017ರ ಮಾನಸಿಕ ಆರೋಗ್ಯ ಕಾಯ್ದೆ ಒಳ್ಳೆಯದೇ. ಹದಿನೆಂಟು ತುಂಬದವರನ್ನು ದೊಡ್ಡವರ ವಾರ್ಡಿನಲ್ಲಿ ಇಡಕೂಡದು, ಇದ್ದಷ್ಟು ದಿನವೂ ಮನೆಯವರೊಬ್ಬರು ಇಲ್ಲವೇ ಅವರು ನೇಮಿಸಿದವರೊಬ್ಬರು ಜೊತೆಗಿರಬೇಕು. ಹುಡುಗಿಯಾದರೆ ಹೆಂಗಸೇ ಇರಬೇಕು. ಪಗಾರದವರಿಗೆ ರಜೆ ಸಿಕ್ಕೀತು. ಕೂಲಿಯವಳು ಹದಿನೈದು ದಿನ ದವಾಖಾನೆಯಲ್ಲಿ ಕೂತರೆ ಮನೆಯ ಒಲೆ ಹೊತ್ತಿಸುವವರು ಯಾರು? ಆಸ್ಪತ್ರೆಗೆ ಸೇರಿಸಿದ ಮಗುವನ್ನು ಅರ್ಧಕ್ಕೇ ಬಿಡಿಸಿಕೊಂಡು ಹೋಗುವವರನ್ನು ಬೈಯುವ ಮುನ್ನ ಈ ಲೆಕ್ಕ ಹಾಕಬೇಕು.

14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಪುಕ್ಕಟೆ ಸಲಹೆ ಸಿಗುತ್ತದೆ, 2022ರಿಂದ. ಆದರೆ ಹುಡುಗಿಯ ಕೈಯಲ್ಲಿ ಫೋನು ಎಲ್ಲಿದೆ? ಅದು ಅಣ್ಣನ ಕಿಸೆಯಲ್ಲಿ.

ಮನೋರೋಗ ವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರಲೆಂದು 2014ರಲ್ಲೇ ರಾಜ್ಯ ಸರಕಾರ ಮನೋಚೈತನ್ಯ ಯೋಜನೆ ಮಾಡಿತು. ಆ ಮಂಗಳವಾರ ಯಾವುದೆಂದು ಆಶಾ ಕಾರ್ಯಕರ್ತೆಯರು ತಾಂಡಾಗಳಲ್ಲಿ ಸಾರಲಿ. ಲಂಬಾಣಿ, ಉರ್ದು ಬಲ್ಲವರೊಬ್ಬರು ಅಂದು ಡಾಕ್ಟರರ ಪಕ್ಕ ಕೂಡಲಿ. ಜೊತೆಗಿರುವ ತಾಯಿಯ ಊಟ ಮತ್ತು ಬಸ್ ಚಾರ್ಜಿಗೆ ಜಿಲ್ಲಾ ಆರೋಗ್ಯಾಧಿಕಾರಿಗಳು ಏನು ಏರ್ಪಾಟು ಮಾಡುತ್ತಾರೆ? ಕಬ್ಬಿನ ಗಾಡಿ ಹೊರಡುವ ಮೊದಲೇ ಹೇಳಿದರೆ ಉಪಕಾರ.