298 ಹೊಡೆದೂ ಗೆಲ್ಲದವರು

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ. ಕಡಿಮೆ ಅಂಕ ಬಂದವರಿಗೇ ಮೊದಲ ಬಹುಮಾನ ಕೊಡುವ ಆಟ ಯಾವುದು? ಗಣಿತದ ಪರೀಕ್ಷೆ ಅನ್ನಬೇಡಿ! ಅದು ಗಾಲ್ಫ್.

ಕೋಲಿನಿಂದ ಪುಟ್ಟ ಬಿಳಿ ಚೆಂಡನ್ನು ಹೊಡೆಯುತ್ತಾ ಹೋಗಿ ದೂರದ ಕುಳಿಗೆ ಬೀಳಿಸಬೇಕು. ಮೈದಾನದಲ್ಲಿ ಇಂಥ 18 ಕುಳಿಗಳು. ನಾಲ್ಕು ಸುತ್ತು ಆಡಿದರೆ 72. ಎಲ್ಲ ಸೇರಿ ಯಾರದು ಅತಿ ಕಡಿಮೆ ಹೊಡೆತವೋ ಅವರು ಗೆದ್ದಂತೆ. ಕ್ರಿಕೆಟ್‌ನಲ್ಲಿರುವ ಹಾಗೆ ಪಕ್ಕದಲ್ಲೇ ಅಂಪೈರ್ ನಿಂತು ಲೆಕ್ಕ ಇಡುವುದಿಲ್ಲ. ಜೊತೆಗೆ ಆಡುವವರು ನಿಮ್ಮ ಲೆಕ್ಕ ಬರೆಯುತ್ತಾರೆ, ನೀವು ಅವರದು ಬರೆಯುತ್ತೀರಿ. ಆಟ ಮುಗಿದ ಮೇಲೆ ನಿಮ್ಮ ಕಾರ್ಡನ್ನು ನೀವೇ ಓದಿ, ಸರಿಯಿದೆ ಎಂದು ಸಹಿ ಹಾಕಬೇಕು. ಈ ಸಹಿಯ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೆಂಗಸರ ಗಾಲ್ಫ್‌ನಲ್ಲಿ ದೊಡ್ಡ ಪಂದ್ಯಾವಳಿ ಎಂದರೆ ಅಮೆರಿಕದ ಮಹಿಳಾ ಓಪನ್. ಅದು ಹುಟ್ಟಿದ್ದು 1946ರಲ್ಲಿ, ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಊರಿನಲ್ಲಿ. ಎರಡನೇ ಮಹಾಯುದ್ಧ ಮುಗಿದು ಒಂದು ವರ್ಷವಾಗಿತ್ತಷ್ಟೆ. ಬಹುಮಾನವನ್ನು ಯುದ್ಧಕಾಲದ ಸಾಲಪತ್ರಗಳ ರೂಪದಲ್ಲಿ ಕೊಟ್ಟರು. ಹಣ ಕೊಟ್ಟ ಊರಿನ ಸಂಘದ ಆದಾಯವೋ, ನಾಣ್ಯ ಹಾಕಿ ಆಡುವ ಜೂಜಿನ ಯಂತ್ರಗಳದು! ತಾತಂದಿರು ಹುಬ್ಬೇರಿಸಬಹುದು. ಅಂತೂ ಒಳ್ಳೆಯ ಕೆಲಸಕ್ಕೇ ಬಳಕೆಯಾಯಿತು. ಫೈನಲ್‌ನಲ್ಲಿ ಬೆಟ್ಟಿ ಜೇಮ್ಸನ್ ಅವರನ್ನು ಸೋಲಿಸಿ ಪ್ಯಾಟಿ ಬರ್ಗ್ ಗೆದ್ದರು. ಮರುವರ್ಷ ಜೇಮ್ಸನ್ ತಾವೇ ಗೆದ್ದರು, ಅದೂ 295 ಹೊಡೆತಗಳಲ್ಲಿ. 72 ಕುಳಿಗಳ ಪಂದ್ಯವನ್ನು 300ರ ಒಳಗೆ ಮುಗಿಸಿದ ಮೊದಲ ಹೆಣ್ಣುಮಗಳು ಅವರೇ.

ಆಮೇಲಿನ ಹಲವು ವರ್ಷಗಳ ಕಥೆಯನ್ನು ಹಾರಿಸಿಬಿಡುತ್ತೇನೆ. ಬೇಬ್ ಜಹರಿಯಾಸ್ ಅವರನ್ನು ಮಾತ್ರ ಬಿಡಲಾರೆ. 1953ರಲ್ಲಿ ಅವರಿಗೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆಯಿತು. 1954ರಲ್ಲಿ ಮೈದಾನಕ್ಕಿಳಿದು ಇದೇ ಓಪನ್ ಗೆದ್ದರು, 12 ಹೊಡೆತಗಳ ಅಂತರದಿಂದ!

ಈಗ ನಾನು ಹೇಳಬೇಕೆಂದಿದ್ದ ಕಥೆಗೆ ಬರೋಣ. 1957, ನ್ಯೂಯಾರ್ಕ್ ರಾಜ್ಯದ ವಿಂಗ್ಡ್ ಫುಟ್ ಕ್ಲಬ್. ಹವಾಯಿ ದ್ವೀಪದಿಂದ ಬಂದಿದ್ದ ಜ್ಯಾಕಿ ಪಂಗ್ ಆಡುತ್ತಿದ್ದರು. ವಯಸ್ಸು 35, ಮಕ್ಕಳ ತಾಯಿ. ನಾಲ್ಕು ವರ್ಷದ ಹಿಂದೆ ಇದೇ ಪಂದ್ಯಾವಳಿಯಲ್ಲಿ ಬೆಟ್ಸಿ ರಾಲ್ಸ್ ಜೊತೆ ಸಮಬಲವಾಗಿ, ಮತ್ತೊಂದು ಸುತ್ತು ಆಡಿಸಿದಾಗ ಸೋತಿದ್ದರು. ಈ ಸಲ ಕೊನೆಯ ಸುತ್ತನ್ನು 72 ಹೊಡೆತಗಳಲ್ಲಿ ಮುಗಿಸಿದರು. ಒಟ್ಟು 298. ರಾಲ್ಸ್ ಅವರದು 299. ಒಂದೇ ಒಂದು ಹೊಡೆತದಿಂದ ಪಂಗ್ ಗೆದ್ದಿದ್ದರು. ಜನ ಬಂದು ಅಭಿನಂದಿಸಿದರು.

ಅಷ್ಟರಲ್ಲಿ ಅಧಿಕಾರಿಗಳಿಗೆ ಕಾರ್ಡಿನಲ್ಲಿ ಒಂದು ತಪ್ಪು ಕಂಡಿತು. ನಾಲ್ಕನೇ ಕುಳಿಗೆ ಪಂಗ್ ಆರು ಹೊಡೆತ ತೆಗೆದುಕೊಂಡಿದ್ದರು. ಕಾರ್ಡಿನಲ್ಲಿ ಐದು ಎಂದಿತ್ತು. ಬರೆದವರು ಜೊತೆಗೆ ಆಡುತ್ತಿದ್ದವರು, ಅಂದರೆ ನಮ್ಮ ಅದೇ ಬೆಟ್ಟಿ ಜೇಮ್ಸನ್. ಇನ್ನೂ ವಿಚಿತ್ರ ನೋಡಿ. ಆ ಕುಳಿಗೆ ಜೇಮ್ಸನ್ ಕೂಡ ಆರು ಹೊಡೆದಿದ್ದರು, ಪಂಗ್ ಕೂಡ ಅವರಿಗೆ ಐದು ಎಂದೇ ಬರೆದಿದ್ದರು! ಕೆಳಗಿನ ಮೊತ್ತ ಮಾತ್ರ 72 ಎಂದು ಸರಿಯಾಗಿಯೇ ಇತ್ತು. ಯಾರೂ ಯಾರನ್ನೂ ಮೋಸ ಮಾಡಿರಲಿಲ್ಲ.

ಆದರೆ ನಿಯಮ ನೋಡುವುದು ಒಂದೊಂದು ಕುಳಿಯ ಅಂಕಿಯನ್ನು. ಮೊತ್ತ ಕೂಡಿಸುವುದು ಅಧಿಕಾರಿಗಳ ಕೆಲಸ. ಬಿಡಿ ಅಂಕಿಗಳಿಗೆ ಹೊಣೆ ಸಹಿ ಹಾಕಿದ ಆಟಗಾರರದು. ನಿಜಕ್ಕಿಂತ ಕಡಿಮೆ ಬರೆದದ್ದಕ್ಕೆ ಸಹಿ ಹಾಕಿದರೆ ಪಂದ್ಯದಿಂದಲೇ ಹೊರಗೆ. ಹೆಚ್ಚು ಬರೆದದ್ದಕ್ಕೆ ಸಹಿ ಹಾಕಿದರೆ ಆ ಹೆಚ್ಚಿನದೇ ಖಾಯಂ. (1968ರಲ್ಲಿ ಗಂಡಸರ ಮಾಸ್ಟರ್ಸ್ ಪಂದ್ಯದಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆನ್ಸೊ ಅವರಿಗೆ ಹಾಗೇ ಆಯಿತು. ಮೂರಿದ್ದದ್ದು ನಾಲ್ಕಾಗಿ, ಗೆಲ್ಲುವ ಅವಕಾಶವೇ ತಪ್ಪಿಹೋಯಿತು.) ಪಂಗ್, ಜೇಮ್ಸನ್ ಇಬ್ಬರೂ ಅನರ್ಹರಾದರು. ಪ್ರಶಸ್ತಿ ಮತ್ತು 1,800 ಡಾಲರ್ ಬೆಟ್ಸಿ ರಾಲ್ಸ್ ಪಾಲಿಗೆ ಬಂತು.

ನಿಯಮ ಎಂದರೆ ನಿಯಮ ಎನ್ನುವವರಿದ್ದಾರೆ. ನನಗೆ ಮಾತ್ರ ಆ ಮೊತ್ತ ಸರಿಯಿತ್ತಲ್ಲ ಎಂದೇ ಅನ್ನಿಸುತ್ತದೆ. ಮನೆಯಲ್ಲಿ ಅಜ್ಜಿ-ತಾತ, ಮೊಮ್ಮಕ್ಕಳು ಈ ಬಗ್ಗೆ ಧಾರಾಳವಾಗಿ ಜಗಳವಾಡಬಹುದು. ವಿಂಗ್ಡ್ ಫುಟ್ ಕ್ಲಬ್ಬಿನ ಸದಸ್ಯರಿಗೂ ಮನಸ್ಸು ತಡೆಯಲಿಲ್ಲ. ಆದರೆ ಅವರು ನಿಯಮ ಬದಲಿಸಿ ಎಂದು ಗಲಾಟೆ ಮಾಡಲಿಲ್ಲ. ಸದಸ್ಯರು, ನೋಡಲು ಬಂದವರು ಕೈಲಾದಷ್ಟು ಹಾಕಿ ಪಂಗ್ ಅವರಿಗೆಂದು ಹಣ ಕೂಡಿಸಿದರು. ಅದು ಮೊದಲ ಬಹುಮಾನಕ್ಕಿಂತ ಹೆಚ್ಚೇ ಆಯಿತು!

ಪಂಗ್ ಈ ಓಪನ್ ಅನ್ನು ಮುಂದೆಂದೂ ಗೆಲ್ಲಲಿಲ್ಲ. 2017ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಪಂದ್ಯಾವಳಿ ಬೆಳೆಯುತ್ತಲೇ ಹೋಯಿತು. 1998ರಲ್ಲಿ ದಕ್ಷಿಣ ಕೊರಿಯಾದ 20 ವರ್ಷದ ಸೆ ರಿ ಪಾಕ್, ನೀರಿನಂಚಿಗೆ ಬಿದ್ದ ಚೆಂಡನ್ನು ಹೊಡೆಯಲು ಷೂ, ಕಾಲುಚೀಲ ಕಳಚಿ ಕೊಳಕ್ಕೇ ಇಳಿದು ಆಡಿ ಗೆದ್ದರು. ಅದನ್ನು ಟಿವಿಯಲ್ಲಿ ನೋಡಿದ ಒಂಬತ್ತು ವರ್ಷದ ಇನ್‌ಬೀ ಪಾರ್ಕ್ ಎಂಬ ಹುಡುಗಿ ತಾನೂ ಕೋಲು ಹಿಡಿದಳು. ಹತ್ತು ವರ್ಷಕ್ಕೆ, 2008ರಲ್ಲಿ ಅದೇ ಓಪನ್ ಗೆದ್ದಳು.

2023ರಲ್ಲಿ ಮಹಿಳಾ ಓಪನ್ ಕ್ಯಾಲಿಫೋರ್ನಿಯಾದ ಕಡಲ ತೀರದ ಪೆಬಲ್ ಬೀಚ್‌ನಲ್ಲಿ ನಡೆಯಿತು. ಗೆದ್ದವರು ಆಲಿಸೆನ್ ಕಾರ್ಪುಜ್. ಊರು ಹವಾಯಿಯ ಹೊನೊಲುಲು. ಕೈಗೆ ಬಂದದ್ದು 20 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 16 ಕೋಟಿ ರೂಪಾಯಿ. ಇದು 1957ರ 1,800 ಡಾಲರಿನ ಎಷ್ಟು ಪಟ್ಟು? ಭಾಗಾಕಾರ ಮಾಡಿ ತಾತನಿಗೋ ಅಜ್ಜಿಗೋ ತೋರಿಸಿ. ಅಜ್ಜಿ, ತಾತ, ನೀವು ಸಹಿ ಹಾಕುವ ಮುಂಚೆ ಒಂದೊಂದು ಅಂಕಿಯನ್ನೂ ನೋಡಿಬಿಡಿ.