ತಾಯಿಗೆ ಕೂಲಿ, ಕೂಸಿಗೆ ಜೋಲಿ

ಉದ್ಯೋಗ ಖಾತ್ರಿ ಎಂದೊಡನೆ ನಮಗೆ ನೆನಪಾಗುವುದು ಕೆರೆಯ ಹೂಳು, ಹೊಲದ ಬದು, ಪಂಚಾಯಿತಿಯ ಜಗಳ. ಆ ಕೆಲಸಕ್ಕೆ ಹೋದ ಹೆಂಗಸಿನ ಮಕ್ಕಳು ಆ ಹೊತ್ತಿನಲ್ಲಿ ಎಲ್ಲಿರುತ್ತವೆ ಅಂತ ಯಾರಾದರೂ ಕೇಳಿದ್ದುಂಟೇ?

2005ರಲ್ಲಿ ಬಂದ ಕಾನೂನು ಹಳ್ಳಿಯ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ ಕೊಡಬೇಕೆಂದಿತು. ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ. ಈ ಒಂದು ಮಾತೇ ದೊಡ್ಡದು ನೋಡಿ. ಹೊಲದ ಕೆಲಸದಲ್ಲಿ ಹೆಣ್ಣಾಳಿಗೆ ಕಡಿಮೆ ಎಂಬುದು ಲಾಗಾಯ್ತಿನಿಂದ ಬಂದ ಪದ್ಧತಿ. (2025ರ ಡಿಸೆಂಬರಿನಲ್ಲಿ ಸಂಸತ್ತು ಇದರ ಬದಲಿಗೆ ಬೇರೆ ಕಾನೂನು ಮಾಡಿ 125 ದಿನ ಎಂದಿದೆ.)

ಹೆಂಗಸಿನ ಕೈಗೆ ದುಡ್ಡು ಬಂದರೆ ಅದು ಎಲ್ಲಿಗೆ ಹೋಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಲು, ನೋಟ್‌ಬುಕ್ಕು, ಜ್ವರ ಬಂದರೆ ಔಷಧಿ. ಆಂಧ್ರಪ್ರದೇಶದಲ್ಲಿ ಈ ಯೋಜನೆಯನ್ನು ಅಧ್ಯಯನ ಮಾಡಿದವರೂ ಅಂಥದ್ದನ್ನೇ ಕಂಡರು: ತಾಯಿ ಈ ಕೆಲಸಕ್ಕೆ ಹೋದ ಮನೆಗಳಲ್ಲಿ ಮಕ್ಕಳು ಶಾಲೆಯಲ್ಲಿ ಕಳೆಯುವ ಹೊತ್ತು ಹೆಚ್ಚಿತ್ತು.

ಆದರೆ ಇಷ್ಟಕ್ಕೇ ಹಿಗ್ಗುವ ಹಾಗಿಲ್ಲ. ಬೇರೆ ಸಂಶೋಧಕರು ದೇಶದ ಹಳ್ಳಿಗಳ ಲೆಕ್ಕ ನೋಡಿದಾಗ, ಹದಿಮೂರು ದಾಟಿದ ಮಕ್ಕಳಲ್ಲಿ ಶಾಲೆ ಬಿಡುವವರು ಹೆಚ್ಚಾಗಿದ್ದರು. ಹುಡುಗರು ಕೂಲಿಗೆ, ಹುಡುಗಿಯರು ಮನೆಗೆಲಸಕ್ಕೆ. ಅಮ್ಮ ಬುಟ್ಟಿ ಹೊತ್ತು ಹೊರಟರೆ ನೀರು, ಸೌದೆ, ಮುಸುರೆ, ಎತ್ತಿಕೊಳ್ಳೋ ಕೂಸು ಎಲ್ಲಾ ಹಿರೀ ಮಗಳ ಪಾಲಿಗೆ. ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಶಾಲೆಯ ಬೇಲಿಯಾಚೆ ನಿಂತ ಹುಡುಗಿಯನ್ನು ನೀವೂ ನೋಡಿರುತ್ತೀರಿ.

ಕಾನೂನು ಮಾಡಿದವರಿಗೆ ಇದು ಹೊಳೆದಿರಲಿಲ್ಲ ಅಂತಲ್ಲ. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳೋ ಹೆಚ್ಚೋ ಬಂದರೆ, ನೋಡಿಕೊಳ್ಳಲು ಒಬ್ಬಾಕೆಯನ್ನು ಹಾಕಿ ಅವಳಿಗೂ ಕೂಲಿ ಕೊಡಬೇಕು ಎಂದು ಬರೆದಿದ್ದರು. ಬಹಳ ಕಡೆ ಅದು ಕಾಗದದಲ್ಲೇ ಉಳಿಯಿತು. ಮರದ ಕೊಂಬೆಗೆ ಹಳೇ ಸೀರೆ ಕಟ್ಟಿ ಜೋಲಿ ಮಾಡಿದರೆ ಆಯಿತಲ್ಲ ಎಂಬ ಉಡಾಫೆ!

ನಮ್ಮ ರಾಜ್ಯದಲ್ಲಿ 2023ರ ಬಜೆಟ್ಟಿನಲ್ಲಿ 4000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಮಾತು ಬಂತು. ಹೆಸರೇ ಚೆನ್ನಾಗಿದೆ, ಅಲ್ಲವೇ? ಕೂಲಿಗೆ ಹೋಗುವ ತಾಯಂದಿರು ಎಳೆಯ ಮಕ್ಕಳನ್ನು ಬಿಟ್ಟು ಹೋಗಲು ಒಂದು ಜಾಗ. ಊಟ ಅಲ್ಲೇ, ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ನೋಡಿಕೊಳ್ಳಲು ಹಾಕಿದರು.

ನಿಮ್ಮ ಮನೆಗೆ ಮುಸುರೆ ತಿಕ್ಕಲು ಪಕ್ಕದ ಹಳ್ಳಿಯಿಂದ ಬರುವಾಕೆ ಈ ಕೂಲಿಗೂ ಹೋಗುವವಳಾದರೆ, ಮಗಳನ್ನು ಶಾಲೆ ಬಿಡಿಸಿದ್ದಾಳೋ ಅಂತ ಮೆಲ್ಲಗೆ ವಿಚಾರಿಸಿ. ಅವರ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯೇ, ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಾರೆ ಎಂದು ಕೇಳಿಕೊಂಡು ಬರಹೇಳಿ. ಹೊತ್ತು ಮುಖ್ಯ ಕಣ್ರೀ. ಅಮ್ಮ ಎಳೆಬಿಸಿಲಿಗೇ ಕೆಲಸಕ್ಕೆ ಹೊರಟು, ಬಾಗಿಲು ತೆಗೆಯೋದು ಹತ್ತಕ್ಕೆ ಅಂದರೆ, ಆ ನಡುವೆ ಕೂಸು ಮತ್ತೆ ಅಕ್ಕನ ಸೊಂಟದ ಮೇಲೇ. ಅಷ್ಟರಲ್ಲಿ ಅವಳ ಮೊದಲ ಪೀರಿಯಡ್ ಮುಗಿದಿರುತ್ತೆ.