ತೊಟ್ಟಿಗೂ ಹೆಪ್ಪು ಬೇಕು

ಹೊಸ ಅಕ್ವೇರಿಯಂ, ತಿಳಿನೀರು, ಆರು ಬಂಗಾರದ ಮೀನು. ವಾರ ಕಳೆಯುವಷ್ಟರಲ್ಲಿ ಒಂದೊಂದಾಗಿ ಸತ್ತು ತೇಲುತ್ತವೆ. ಮಗು ಅಳುತ್ತದೆ, ಅಪ್ಪ ಅಂಗಡಿಯವನನ್ನು ಬೈಯುತ್ತಾನೆ. ಎಷ್ಟೋ ಸಲ ತಪ್ಪು ಅಂಗಡಿಯವನದಲ್ಲ.

ಮೀನು ಕಿವಿರುಗಳಿಂದ ಹೊರಬಿಡುವ ಅಮೋನಿಯ ಅದಕ್ಕೇ ವಿಷ. ಕೆಲವು ಬ್ಯಾಕ್ಟೀರಿಯಗಳು ಇದನ್ನು ನೈಟ್ರೈಟ್ ಆಗಿಸುತ್ತವೆ. ಅದೂ ವಿಷವೇ. ಮತ್ತೆ ಕೆಲವು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಇಂಥ ಬ್ಯಾಕ್ಟೀರಿಯಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವರು ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ. ಹೊಸ ತೊಟ್ಟಿಯಲ್ಲಿ ಇವು ತಾವಾಗಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಕಾಯುವ ತಾಳ್ಮೆ ಮಕ್ಕಳಿಗೆಲ್ಲಿ? ಹಾಲಿಗೆ ಹೆಪ್ಪು ಹಾಕುವಂತೆ, ರೋಗವಿಲ್ಲದ ಹಳೆಯ ತೊಟ್ಟಿಯ ಫಿಲ್ಟರಿನಿಂದ ಸ್ಪಂಜಿನ ತುಂಡೊಂದನ್ನು ತಂದು ಹೊಸ ಫಿಲ್ಟರಿಗೆ ಸೇರಿಸಬಹುದು. ಬರಿಯ ಹಳೆಯ ನೀರು ಸಾಲದು. ಈ ಬ್ಯಾಕ್ಟೀರಿಯಗಳು ಹೆಚ್ಚಾಗಿ ಸ್ಪಂಜು, ಜಲ್ಲಿಗೆ ಅಂಟಿಕೊಂಡೇ ಬಾಳುತ್ತವೆ. ಸ್ಪಂಜನ್ನು ಆ ತೊಟ್ಟಿಯ ನೀರಿನಲ್ಲೇ ಮುಳುಗಿಸಿ, ತಡಮಾಡದೆ ತರಬೇಕು. ಒಣಗಿದರೆ ಕೆಟ್ಟಿತು. ಗಲೀಜೆಂದು ಯಾರಾದರೂ ನಲ್ಲಿಯ ಕೆಳಗೆ ಹಿಂಡಿ ತೊಳೆದರಂತೂ ಕ್ಲೋರಿನ್ ಹೆಪ್ಪನ್ನೇ ಕೊಲ್ಲುತ್ತದೆ!

ಇಷ್ಟಾದರೂ ಮೊದಲಿಗೆ ಒಂದೆರಡು ಮೀನು ಸಾಕು, ಊಟವೂ ಚಿಟಿಕೆಯಷ್ಟೇ. ಉಳಿದ ನಾಲ್ಕು ಇನ್ನೂ ಕೆಲವು ವಾರ ಅಂಗಡಿಯಲ್ಲೇ ಇರಲಿ.